1971: ಎಂಟರ್‌ಪ್ರೈಸ್ ಹಡಗು ಸೋವಿಯತ್ ನೌಕಾಪಡೆಗೆ ಹೆದರಿ ತಿರುಗಿತೇ?

ಪ್ರಶ್ನೆ (ಕಲಬುರಗಿ)
ಕೆಎಎಸ್ ಮುಖ್ಯ ಪರೀಕ್ಷೆಗೆ ಓದುವ ನಮ್ಮ ಗುಂಪಿನ್ಯಾಗ ಒಂದು ವಾದ ಬಗೆಹರಿವಲ್ದು. 1971ರ ಬಾಂಗ್ಲಾ ಯುದ್ಧದಾಗ ಅಮೆರಿಕದ ವಿಮಾನವಾಹಕ ಹಡಗು ಎಂಟರ್‌ಪ್ರೈಸ್ ಬಂಗಾಳ ಕೊಲ್ಲಿಗೆ ಬಂತು, ಸೋವಿಯತ್ ಜಲಾಂತರ್ಗಾಮಿ ಅಡ್ಡ ನಿಂತಿತು, ಅಮೆರಿಕ ವಾಪಸ್ ಹೋತು ಅಂತ ವಾಟ್ಸಾಪಿನ್ಯಾಗ ತಿರುಗ್ತದ. ಹಂಗ ಬರೀಬಹುದಾ? ಆ ವರ್ಷದ ಆಗಸ್ಟಿನ ಭಾರತ-ಸೋವಿಯತ್ ಒಪ್ಪಂದದ ಪ್ರಕಾರ ರಷ್ಯಾ ಯುದ್ಧಕ್ಕೆ ಇಳಿಯಲೇಬೇಕಿತ್ತಾ?

ಉತ್ತರ 1 (ಬೀದರ್)
ಹಂಗ ಬರೀಬ್ಯಾಡ್ರಿ. ತಾರೀಖು ಜೋಡಿಸಿದರೆ ಆ ಕಥೆ ನಿಲ್ಲೋದಿಲ್ಲ. ಎಂಟರ್‌ಪ್ರೈಸ್ ಇದ್ದ ಅಮೆರಿಕದ ನೌಕಾ ತಂಡ ಟಾಸ್ಕ್ ಫೋರ್ಸ್ 74ಕ್ಕೆ ಆದೇಶ ಹೋದದ್ದು ಡಿಸೆಂಬರ್ 10ಕ್ಕೆ, ಮಲಕ್ಕಾ ಜಲಸಂಧಿ ದಾಟಿ ಕೊಲ್ಲಿಗೆ ಬಂದದ್ದು 15ಕ್ಕೆ. ಮರುದಿನವೇ ಢಾಕಾದಲ್ಲಿ ಪಾಕ್ ಸೈನ್ಯದ ಶರಣಾಗತಿ. ಸೋವಿಯತ್ ಹಡಗುಗಳು ಅದರ ಬೆನ್ನು ಹತ್ತಿದ್ದು ನಿಜ. ಆದರೆ ಯುದ್ಧ ಮುಗಿದ ಮೇಲೂ ಎಂಟರ್‌ಪ್ರೈಸ್ ಕೆಲವು ವಾರ ಹಿಂದೂ ಮಹಾಸಾಗರದಲ್ಲೇ ಇತ್ತು.

ನಿಜವಾದ ಕೆಲಸ ನಡೆದದ್ದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ. ಕದನವಿರಾಮದ ಜೊತೆಗೆ ಸೈನ್ಯ ಹಿಂತೆಗೆತ ಕೇಳುವ ನಿರ್ಣಯಗಳನ್ನು ಭದ್ರತಾ ಮಂಡಳಿಯಲ್ಲಿ ಸೋವಿಯತ್ ಒಕ್ಕೂಟ ಡಿಸೆಂಬರ್ 4, 5 ಮತ್ತು 13ರಂದು ವೀಟೊ ಮಾಡಿತು. ಮೂರು ಸಲವೂ ಮತ 11–2, ಬ್ರಿಟನ್ ಮತ್ತು ಫ್ರಾನ್ಸ್ ತಟಸ್ಥ. ನಡುವೆ 7ರಂದು ಮಹಾಸಭೆಯಲ್ಲಿ 104–11 ಮತದಿಂದ ನಮ್ಮ ವಿರುದ್ಧ ನಿರ್ಣಯ ಬಂತು, ಆದರೆ ಮಹಾಸಭೆಯ ನಿರ್ಣಯ ಕಡ್ಡಾಯವಲ್ಲ. ನಮ್ಮ ಸೈನ್ಯಕ್ಕೆ ಢಾಕಾ ತಲುಪುವ ಕಾಲ ಸಿಕ್ಕಿದ್ದು ಈ ವೀಟೊಗಳಿಂದ.

ಒಪ್ಪಂದದ 9ನೇ ವಿಧಿ ಓದಿ. ದಾಳಿ ಅಥವಾ ದಾಳಿಯ ಬೆದರಿಕೆ ಬಂದರೆ ಇಬ್ಬರೂ ತಕ್ಷಣ ಸಮಾಲೋಚಿಸಿ ಸೂಕ್ತ ಕ್ರಮ ಕೈಗೊಳ್ಳಬೇಕು ಅಂತದೆ. ತಾನಾಗಿಯೇ ಯುದ್ಧಕ್ಕಿಳಿಯುವ ಬಾಧ್ಯತೆ ಅದರಲ್ಲಿಲ್ಲ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನೇಟೊ ಒಪ್ಪಂದದ 5ನೇ ವಿಧಿಯ ಜೊತೆ ಇದನ್ನು ಬೆರೆಸಿ ಅಂಕ ಕಳಕೊಳ್ಳುವವರು ಬಹಳ.

ಪ್ರಶ್ನೆ ಕೇಳಿದವರು
ಹಂಗಾದ್ರ ಮಾಸ್ಕೋ ನಮ್ಮ ಮ್ಯಾಲೆ ಒತ್ತಡ ಹಾಕಲೇ ಇಲ್ಲೇನು?

ಉತ್ತರ 2 (ಶಹಾಪುರ, ಯಾದಗಿರಿ)
ಹಾಕಿತು, ಇದನ್ನು ಬಿಡಲೇಬಾರದು. ಅಮೆರಿಕದ ಅಧ್ಯಕ್ಷ ನಿಕ್ಸನ್ ಸೋವಿಯತ್ ನಾಯಕ ಬ್ರೆಜ್ನೇವ್‌ಗೆ ಸಂದೇಶದ ಮೇಲೆ ಸಂದೇಶ ಕಳಿಸುತ್ತಿದ್ದರು, 12ರಂದು ಹಾಟ್‌ಲೈನ್ (ತುರ್ತು ನೇರ ಸಂಪರ್ಕ) ಸಹ ಬಳಸಿದರು. ಅದೇ ಹೊತ್ತಿಗೆ ಸೋವಿಯತ್ ಉಪ ವಿದೇಶಾಂಗ ಸಚಿವ ಕುಜ್ನೆತ್ಸೊವ್ ದೆಹಲಿಗೆ ಬಂದರು, ಇಂದಿರಾ ಗಾಂಧಿಯವರ ದೂತರಾಗಿ ನಮ್ಮ ಡಿ.ಪಿ. ಧರ್ ಮಾಸ್ಕೋದಲ್ಲಿದ್ದರು. ಪಶ್ಚಿಮ ಪಾಕಿಸ್ತಾನವನ್ನು ಒಡೆಯುವ ಉದ್ದೇಶವಿಲ್ಲ ಎಂಬ ಭರವಸೆಯೇ ಸೋವಿಯತ್ತಿಗೆ ಬೇಕಿದ್ದದ್ದು. ಅದನ್ನೇ ಮಾಸ್ಕೋ ವಾಷಿಂಗ್ಟನ್‌ಗೆ ಮುಟ್ಟಿಸಿತು. ವೀಟೊ ಕೊಡುತ್ತಲೇ ಬೇಗ ಮುಗಿಸಿ ಅಂತ ಒತ್ತಾಯಿಸುವ ಈ ಎರಡು ಮುಖಗಳನ್ನು ಹಿಡಿದರೆ ಉತ್ತರಕ್ಕೆ ತೂಕ ಬರುತ್ತದೆ.

ಚೀನಾ? ನಿಕ್ಸನ್‌ರ ಭದ್ರತಾ ಸಲಹೆಗಾರ ಕಿಸಿಂಜರ್ 10ರಂದು ವಿಶ್ವಸಂಸ್ಥೆಯಲ್ಲಿನ ಚೀನಾ ಪ್ರತಿನಿಧಿ ಹುವಾಂಗ್ ಹುವಾ ಅವರನ್ನು ಕಂಡು, ಚೀನಾ ಮುಂದಾದರೆ ಅಮೆರಿಕದ ಬೆಂಬಲವಿದೆ ಎಂಬ ಸೂಚನೆ ಕೊಟ್ಟರು, ಆದರೂ ಚೀನಾ ಸೈನ್ಯ ಅಲುಗಲಿಲ್ಲ. ಡಿಸೆಂಬರಿನಲ್ಲಿ ಹಿಮಾಲಯದ ಕಣಿವೆದಾರಿಗಳಿಗೆ ಹಿಮ ಮುಚ್ಚಿರುತ್ತದೆ.

ಬರೆಯುವಾಗ ಮೊದಲು ಜುಲೈಯ ಕಿಸಿಂಜರ್ ಬೀಜಿಂಗ್ ಗುಪ್ತಭೇಟಿ, ಆಮೇಲೆ ಆಗಸ್ಟ್ 9ರ ಒಪ್ಪಂದ, ನಂತರ ವೀಟೊಗಳು. ಎಂಟರ್‌ಪ್ರೈಸ್‌ಗೆ ಎರಡೇ ವಾಕ್ಯ ಸಾಕು.