ಐದು ವರ್ಷದ ಡಾಂಬರು ರಸ್ತೆ: ಸರ್ಫೇಸ್ ಡ್ರೆಸ್ಸಿಂಗ್ ಸಾಕೇ, ಮೈಕ್ರೋಸರ್ಫೇಸಿಂಗ್ ಬೇಕೇ?

ಪ್ರಶ್ನೆ
ತೀರ್ಥಹಳ್ಳಿ ಕಡೆಯ ಹಳ್ಳಿ ರಸ್ತೆ. ಅಗಲ 3.75 ಮೀಟರ್, ಉದ್ದ 1 ಕಿ.ಮೀ. 20 ಮಿ.ಮೀ. ಪ್ರೀಮಿಕ್ಸ್ ಕಾರ್ಪೆಟ್ (ಡಾಂಬರು ಬೆರೆಸಿದ ಜಲ್ಲಿಯ ತೆಳು ಪದರ), ಮೇಲೆ ನೀರು ಇಳಿಯದಂತೆ ಸೀಲ್ ಕೋಟ್ ಹಾಕಿ ಐದು ವರ್ಷವಾಗಿದೆ. ಡಾಂಬರು ಬೂದು ಬಣ್ಣಕ್ಕೆ ತಿರುಗಿ ಸಣ್ಣ ಜಲ್ಲಿ ಕಿತ್ತು ಬರುತ್ತಿದೆ. ಕೂದಲೆಳೆಯಂಥ ಬಿರುಕುಗಳಿವೆ, ಗುಂಡಿ ಮೂರ್ನಾಲ್ಕು ಕಡೆ ಮಾತ್ರ. ಮಳೆಗಾಲ ಬರುವುದರೊಳಗೆ ಏನು ಮಾಡುವುದು ಒಳ್ಳೆಯದು? ಸಾಮಗ್ರಿ ಎಷ್ಟು ಬೇಕು?

ಉತ್ತರ 1
ಬಿರುಕು ಎಲ್ಲಿದೆ ಎಂದು ಮೊದಲು ನೋಡಿ. ಚಕ್ರ ಓಡುವ ಜಾಡಿನಲ್ಲೇ ಮೊಸಳೆ ಚರ್ಮದಂತೆ ಒಡೆದಿದ್ದರೆ ಅಡಿಪದರ ಸೋತಿದೆ. ಅಷ್ಟು ಭಾಗವನ್ನು ಅಗೆದು ತಳದಿಂದಲೇ ಸರಿಮಾಡಬೇಕು. ಸರ್ಫೇಸ್ ಡ್ರೆಸ್ಸಿಂಗ್ (ಡಾಂಬರು ಸಿಂಪಡಿಸಿ, ಮೇಲೆ ಸಣ್ಣ ಜಲ್ಲಿ ಹರಡಿ ರೋಲರ್ ಓಡಿಸುವುದು) ನೀರು ಇಳಿಯುವುದನ್ನು ತಡೆಯುತ್ತದೆ, ರಸ್ತೆಗೆ ಭಾರ ಹೊರುವ ಶಕ್ತಿ ಕೊಡುವುದಿಲ್ಲ. ಅಂಚಿನ ಮಣ್ಣು ರಸ್ತೆಗಿಂತ ಎತ್ತರ ಬೆಳೆದಿದ್ದರೆ ಕೆತ್ತಿ ತೆಗೆಯಿರಿ. ಮಲೆನಾಡಿನ ಮಳೆಗೆ ಅಲ್ಲಿ ನಿಲ್ಲುವ ನೀರೇ ರಸ್ತೆಯನ್ನು ತಿನ್ನುವುದು.

ಉತ್ತರ 2
ವಿವರಣೆ ನೋಡಿದರೆ ಇದು ಸರ್ಫೇಸ್ ಡ್ರೆಸ್ಸಿಂಗ್‌ಗೆ ತಕ್ಕ ರಸ್ತೆ. 10 ಮಿ.ಮೀ. ಚಿಪ್ಸ್‌ಗೆ (ಸಣ್ಣ ಜಲ್ಲಿಗೆ) ಚದರ ಮೀಟರಿಗೆ 0.9 ಕೆ.ಜಿ. ಬಿಟುಮೆನ್, ಅಂದರೆ ಡಾಂಬರು, ಉಳಿಯಬೇಕು. ಆರ್‌ಎಸ್-2 ಎಮಲ್ಷನ್‌ನಲ್ಲಿ (ನೀರಿನಲ್ಲಿ ಬೆರೆತ, ಬೇಗ ಗಟ್ಟಿಯಾಗುವ ಬಿಟುಮೆನ್) ಬಿಟುಮೆನ್ 67% ಎಂದಿಟ್ಟುಕೊಂಡರೆ ಸುಮಾರು 1.35 ಕೆ.ಜಿ. ಎಮಲ್ಷನ್ ಬೇಕು. 3,750 ಚದರ ಮೀಟರಿಗೆ 5 ಟನ್ ಆಯಿತು. ಚಿಪ್ಸ್ ಚದರ ಮೀಟರಿಗೆ 0.008 ಘನ ಮೀಟರ್, ಒಟ್ಟು 30 ಘನ ಮೀಟರ್. ಒಣಗಿದ ಹಳೆ ಮೇಲ್ಮೈ ಹೆಚ್ಚು ಕುಡಿಯುತ್ತದೆ, ಹಾಗಾಗಿ 50 ಮೀಟರ್ ಪ್ರಯೋಗ ಮಾಡಿ ಪ್ರಮಾಣ ತಿದ್ದಿಕೊಳ್ಳಿ.

ಗುಂಡಿಗಳನ್ನು ಚೌಕವಾಗಿ ಕತ್ತರಿಸಿ, ಸಡಿಲವಾದುದನ್ನೆಲ್ಲ ತೆಗೆದು, ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದನ್ನು ಅಂಟಿಸುವ ತೆಳು ಲೇಪ) ಹಾಕಿ ಕೆಲವು ವಾರ ಮುಂಚೆಯೇ ತುಂಬಿ. ಹಸಿ ತೇಪೆಯ ಮೇಲೆ ಚಿಪ್ಸ್ ಹೂತುಹೋಗುತ್ತದೆ. 3 ಮಿ.ಮೀ.ಗಿಂತ ಅಗಲದ ಬಿರುಕನ್ನು ಪ್ರತ್ಯೇಕವಾಗಿ ಮುಚ್ಚಿ. ಆಮೇಲೆ ಗುಡಿಸಿ, ಗಾಳಿ ಊದಿ.

ಈ ಕೆಲಸ ಹೆಚ್ಚಾಗಿ ಕೆಡುವುದು ಚಿಪ್ಸ್‌ನ ಧೂಳಿನಿಂದ. ಕ್ರಷರ್ ಧೂಳು ಅಂಟಿದ್ದರೆ ಬಿಟುಮೆನ್ ಧೂಳಿಗೆ ಹಿಡಿಯುತ್ತದೆ, ಕಲ್ಲಿಗಲ್ಲ. ತೊಳೆದೇ ತನ್ನಿ. ಎಮಲ್ಷನ್‌ಗೆ ಚಿಪ್ಸ್ ಸ್ವಲ್ಪ ತೇವವಿದ್ದರೂ ನಡೆಯುತ್ತದೆ, ನೀರು ಸುರಿಯುವಂತಿರಬಾರದು. ಎಮಲ್ಷನ್ ಕಂದು ಬಣ್ಣದಲ್ಲಿರುವಾಗಲೇ ಚಿಪ್ಸ್ ಬೀಳಬೇಕು. ಕಪ್ಪಾದ ಮೇಲೆ ಹಾಕಿದರೆ ಕೂರುವುದಿಲ್ಲ. ಆದ್ದರಿಂದ ಚಿಪ್ಸ್ ಲಾರಿ ತಯಾರಿಲ್ಲದೆ ಸ್ಪ್ರೇ ಶುರು ಮಾಡಬೇಡಿ.

ಚಿಪ್ಸ್ ಒಂದೇ ಪದರ ಇರಲಿ. ರಬ್ಬರ್ ಚಕ್ರದ ರೋಲರ್ ಉತ್ತಮ, ಉಕ್ಕಿನ ರೋಲರ್ ಕಲ್ಲನ್ನು ಪುಡಿಮಾಡುತ್ತದೆ. ಅದೇ ಸಿಗುವುದಾದರೆ 8-10 ಟನ್ನಿನದು, ಕಲ್ಲು ಒಡೆಯಲು ಶುರುವಾದೊಡನೆ ನಿಲ್ಲಿಸಿ. ಮೊದಲ ದಿನ ವಾಹನಗಳು 20 ಕಿ.ಮೀ. ವೇಗದಲ್ಲಷ್ಟೇ ಹೋಗಲಿ, ಮರುದಿನ ಬಿಡಿ ಚಿಪ್ಸ್ ಗುಡಿಸಿ.

ಸ್ಪ್ರೇ ಪ್ರಮಾಣ ಪರೀಕ್ಷಿಸಲು ಅಳತೆ ಗೊತ್ತಿರುವ ತಗಡಿನ ತಟ್ಟೆ ತೂಗಿ, ರಸ್ತೆಯ ಮೇಲಿಟ್ಟು, ಸ್ಪ್ರೇ ಆದಮೇಲೆ ಮತ್ತೆ ತೂಗಿ. ಉದ್ದುದ್ದ ಗೀರುಗಳು ಕಂಡರೆ ನಾಜಲ್ ಕಟ್ಟಿದೆ ಅಥವಾ ಬಾರ್ ಎತ್ತರ ತಪ್ಪಿದೆ.

ಉತ್ತರ 3
ಮೈಕ್ರೋಸರ್ಫೇಸಿಂಗ್ ಟೈಪ್ 2 ಆದರೆ 4-6 ಮಿ.ಮೀ. ದಪ್ಪ ಬರುತ್ತದೆ. ಪಾಲಿಮರ್ ಸೇರಿದ ಎಮಲ್ಷನ್, ಕ್ರಷರ್ ಜಲ್ಲಿಪುಡಿ, ಸ್ವಲ್ಪ ಸಿಮೆಂಟ್, ನೀರು ಎಲ್ಲವನ್ನೂ ಯಂತ್ರವೇ ಬೆರೆಸಿ ಹರಡುತ್ತದೆ. ಸಂಚಾರ ಒಂದೆರಡು ಗಂಟೆಯಲ್ಲಿ ಬಿಡಬಹುದು, ಚಿಪ್ಸ್ ಹಾರುವ ಕಾಟವಿಲ್ಲ. ಆದರೆ 1 ಕಿ.ಮೀ. ಹಳ್ಳಿ ರಸ್ತೆಗಾಗಿ ಆ ಯಂತ್ರ ತರಿಸುವುದು ದುಬಾರಿ. ದಾರಿಯುದ್ದಕ್ಕೂ ಮನೆ, ಶಾಲೆಗಳಿದ್ದರೆ ಮಾತ್ರ ಯೋಚಿಸಬಹುದು.

ಪ್ರಶ್ನೆ (ಮುಂದುವರಿದು)
ಧನ್ಯವಾದ ಸರ್. ಆರ್‌ಎಸ್-1 ದಾಸ್ತಾನಿದೆ, ಅದನ್ನೇ ಹಾಕೋಣ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ನಡೆಯುತ್ತದೆಯೇ?

ಉತ್ತರ 2
ಬೇಡ. ಅದು ಟ್ಯಾಕ್ ಕೋಟ್‌ಗೆ. ತೆಳುವಾದ್ದರಿಂದ ಇಷ್ಟು ಪ್ರಮಾಣದಲ್ಲಿ ಸುರಿದರೆ ಇಳಿಜಾರಿಗೆ ಹರಿದು ಅಂಚಿನಲ್ಲಿ ನಿಲ್ಲುತ್ತದೆ. ನಡುವೆ ಚಿಪ್ಸ್ ಕಿತ್ತುಹೋಗಿ, ಅಂಚಿನಲ್ಲಿ ಡಾಂಬರು ಉಕ್ಕುತ್ತದೆ. ಆರ್‌ಎಸ್-2 ತರಿಸಿದಾಗಲೂ ಡ್ರಮ್ ಉರುಳಿಸಿ, ತೆಗೆದು ನೋಡಿ. ಗಂಟು ಕಟ್ಟಿದ್ದರೆ ವಾಪಸ್ ಕಳಿಸಿ. ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ. ಏಪ್ರಿಲ್‌ಗೆ ಬಿಟ್ಟರೆ ಸಂಜೆಯ ಗುಡುಗು ಮಳೆ ಹಸಿ ಎಮಲ್ಷನ್ನನ್ನು ಚರಂಡಿಗೆ ತೊಳೆದುಕೊಂಡು ಹೋಗುತ್ತದೆ.