ಸಹಾಯ ಬೇಕು: ತೂಕದ ಕಲ್ಲಿನ ಶಾಖ ಎಲ್ಲಿ ಹೋತು?

ನಮಸ್ಕಾರ್ರಿ ಎಲ್ಲಾರಿಗೂ. ಗದಗ-ಬೆಟಗೇರಿಯಾಗ ನಮ್ದು ಕಿರಾಣಿ ಅಂಗಡಿ. ಮಗಳು ಪಿಯುಸಿ ಮೊದಲನೇ ವರ್ಷ, ವಿಶಿಷ್ಟ ಶಾಖದ (ಒಂದು ಗ್ರಾಂ ವಸ್ತು ಒಂದು ಡಿಗ್ರಿ ಏರಾಕ ಬೇಕಾಗೋ ಶಾಖ) ಪಾಠ ಓದಾಕತ್ತಾಳ.

ನಿನ್ನೆ ರಾತ್ರಿ ಅಂಗಡಿಯ 200 ಗ್ರಾಮಿನ ಕಬ್ಬಿಣದ ತೂಕದ ಕಲ್ಲಿಗೆ ದಾರ ಕಟ್ಟಿ, ಕುದಿಯೋ ನೀರಾಗ 10 ನಿಮಿಷ ಇಟ್ಟು, ತಂಬಿಗಿಯೊಳಗಿನ 28 ಡಿಗ್ರಿಯ 200 ಗ್ರಾಂ ನೀರಿಗೆ ಇಳಿಬಿಟ್ವಿ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಾಕ 4.18 ಜೂಲ್ ಬೇಕು, ಕಬ್ಬಿಣಕ್ಕ 0.45 ಸಾಕು. ಆ ಲೆಕ್ಕಕ್ಕ 35 ಬರಬೇಕಿತ್ತು. ಬಂದಿದ್ದು 33.

150 ಗ್ರಾಮಿನ ಸ್ಟೀಲ್ ತಂಬಿಗಿ ಹೀರಿದ ಶಾಖ ಹಿಡಿದ್ರೂ ಅರ್ಧ ಡಿಗ್ರಿ ಅಷ್ಟ ಇಳಿತೈತಿ. ನಮ್ಮೂರು ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಮ್ಯಾಲೆ ಇರೂದ್ರಿಂದ ನೀರು 98ರ ಹತ್ರಾನ ಕುದಿತೈತಿ. ಅದರ ಫರಕು ಕಾಲು ಡಿಗ್ರಿನೂ ಇಲ್ಲ. ಉಳಿದದ್ದು ಕಲ್ಲು ಎತ್ತಿ ಇಡೂದ್ರಾಗ ಗಾಳಿಗೆ ಹೋತೋ, ಥರ್ಮಾಮೀಟರ್ ತಪ್ಪೋ? ಅದರಾಗ ಎರಡು ಡಿಗ್ರಿಗೊಂದ ಗೆರಿ ಐತ್ರಿ.

ಭೌತಶಾಸ್ತ್ರ ಕಲಿಸೋರು ಯಾರರ ಇದ್ರ ದಯವಿಟ್ಟು ತಿಳಿಸ್ರಿ. ಗದಗ ಇಲ್ಲಾ ಹುಬ್ಬಳ್ಳಿಯಾಗ ಯಾರ ಹತ್ರರ ತಾಮ್ರದ ಕ್ಯಾಲೊರಿಮೀಟರ್ (ಶಾಖ ಅಳಿಯೋ ಪಾತ್ರಿ), ಅರ್ಧ ಡಿಗ್ರಿ ತೋರಿಸೋ ಥರ್ಮಾಮೀಟರ್ ಇದ್ರ ಎರಡು ದಿನ ಕೊಡ್ರಿ, ನಾನಽ ಬಂದು ಒಯ್ತೀನಿ. ಸೋಮವಾರ ಆಕಿ ಕ್ಲಾಸಿನ್ಯಾಗ ಇದನ್ನ ಮಾಡಿ ತೋರಿಸಬೇಕು.