ಒಂದೇ ಒಂದು ಬಟನ್

"ಒಂದೇ ಒಂದು ಬಟನ್ ರಾಯರೇ. ಒತ್ತಿದ್ರೆ ಮುಗೀತು" ಎಂದ ಸೀನ.

ರಾಯರು ಸೀನನ ಕಾಫಿ ಮೆಷಿನ್ನಿನ ಬಟನ್ ನೋಡಿದರು. ಅದರ ಮೇಲಿದ್ದ ಪುಟ್ಟ ಪರದೆ ನೋಡಿದರು. ಕನ್ನಡಕ ಸರಿಮಾಡಿಕೊಂಡು, "ನೀರು ತುಂಬಿ ಅಂತಿದೆಯಲ್ಲೋ" ಎಂದರು.

"ಅದೇನು, ಒಂದು ನಿಮಿಷ." ಸೀನ ಹಿಂದಿನ ಟ್ಯಾಂಕ್ ಎಳೆದುಕೊಂಡು ಅಡುಗೆಮನೆ ನಲ್ಲಿಗೆ ಓಡಿದ. ತಂದು ಸಿಕ್ಕಿಸಿದ. ಪರದೆ ಮಾತು ಬದಲಿಸಿತು: ಚರಟದ ಡಬ್ಬಿ ಖಾಲಿ ಮಾಡಿ. ಮಾಡಿದ. ಈಗ ಕೆಳಗಿನ ಟ್ರೇ ಸರಿಯಾಗಿ ಕೂರಿಸಿ ಅಂತು. ಕೂರಿಸಿದ. ಕೊನೆಗೂ ಒಂದು ದೀಪ ಹೊತ್ತಿಕೊಂಡಿತು. ಸೀನ ಹಣೆ ಒರೆಸಿಕೊಂಡು ಬಟನ್ ಒತ್ತಿದ.

"ಬಟನ್ ಒಂದೇ, ಒಪ್ಪಿದೆ" ಎಂದರು ರಾಯರು. "ಆದ್ರೆ ನೀನು ಅದನ್ನ ಒಂದು ಸಲ ಒತ್ತೋದ್ರೊಳಗೆ ಅದು ನಿನ್ನನ್ನ ಮೂರು ಸಲ ಒತ್ತಿತಲ್ಲಯ್ಯ."

ಸೀನ ಏನೋ ಉತ್ತರ ಕೊಟ್ಟ. ಕೇಳಿಸಲಿಲ್ಲ. ಮೆಷಿನ್ ಗರ್ರ್ ಎಂದು ಬೀಜ ಅರೆಯಲು ಶುರು ಮಾಡಿತ್ತು. ಅದು ಮಾತಾಡುವಾಗ ಮನೆಯಲ್ಲಿ ಬೇರೆ ಯಾರೂ ಮಾತಾಡುವ ಹಾಗಿಲ್ಲ.

ಸದ್ದು ನಿಂತ ತಕ್ಷಣ ಮೂರ್ತಿ ಮಾತು ಹಿಡಿದುಕೊಂಡ. ಅವನಿಗೆ ಅಷ್ಟೇ ಸಾಕು. "ಸುಮ್ನೆ ಹಂಗಿಸಬೇಡಿ ರಾಯರೇ. ಒಳಗೆ ಏನಾಗ್ತಿದೆ ಗೊತ್ತಾ? ಎಂಟೊಂಬತ್ತು ಗ್ರಾಂ ಪುಡಿ ಬಿತ್ತು. ಅದೇ ಅದುಮಿ ಬಿಲ್ಲೆ ಮಾಡಿತು. ಈಗ 90 ಡಿಗ್ರಿ ದಾಟಿದ ನೀರನ್ನ 9 ಬಾರ್ ಒತ್ತಡದಲ್ಲಿ ನುಗ್ಗಿಸ್ತಾ ಇದೆ. 25–30 ಸೆಕೆಂಡಲ್ಲಿ ಎಸ್ಪ್ರೆಸೊ, ಅಂದ್ರೆ ಗಟ್ಟಿ ಕಾಫಿ!"

"9 ಬಾರ್ ಅಂದ್ರೆ?"

"ಸಮುದ್ರದಲ್ಲಿ 90 ಮೀಟರ್ ಕೆಳಗೆ ಇಳಿದ್ರೆ ಮೇಲಿನ ನೀರು ಎಷ್ಟು ಒತ್ತುತ್ತೋ ಅಷ್ಟು."

"ಬೆಳಬೆಳಿಗ್ಗೆ ಅಷ್ಟು ಆಳಕ್ಕೆ ಯಾಕಪ್ಪ ಇಳೀಬೇಕು? ನಾನು ಕೇಳಿದ್ದು ನಿದ್ದೆ ಬಿಡೋಕೆ ಒಂದು ಗುಟುಕು."

"ನಮ್ಮದರ ಡಬ್ಬದ ಮೇಲೆ 15 ಬಾರ್ ಅಂತ ಇದೆ" ಎಂದ ಸೀನ, ಎದೆಯುಬ್ಬಿಸಿ.

"ಅದು ಪಂಪಿನ ತಾಕತ್ತು. ಕಾಫಿಗೆ ಬೇಕಿರೋದು 9."

"ಹಾಗಾದ್ರೆ ಉಳಿದ ಆರು ಯಾರ ಮೇಲೆ?" ಎಂದರು ರಾಯರು.

"ನಮ್ಮೆಜಮಾನ್ರ ಮೇಲೆ" ಎಂದು ಒಳಗಿನಿಂದ ವಿಮಲಾ ಕೂಗಿದರು.

ಕಾಫಿ ಚೆನ್ನಾಗಿತ್ತು. ಸುಳ್ಳು ಹೇಳಬಾರದು. ಮೇಲೆ ಕಂದು ನೊರೆ, ಒಳ್ಳೆ ಪರಿಮಳ. ರಾಯರೂ ಎರಡು ಗುಟುಕಿಗೆ ಮುಗಿಸಿ ಕಪ್ಪಿನ ತಳ ನೋಡಿದರು. ಅಷ್ಟರಲ್ಲಿ ಮೆಷಿನ್ನಿನ ಹೊಟ್ಟೆಯಲ್ಲಿ ಟಪ್ ಎಂದು ಏನೋ ಬಿತ್ತು.

"ಬಿಲ್ಲೆ" ಎಂದ ಸೀನ. ನಂತರ ದನಿ ತಗ್ಗಿಸಿ, "ಅದರದ್ದೇ ಒಂದು ಕಥೆ" ಎಂದ.

ಕಥೆ ಇಷ್ಟು. ಡಬ್ಬಿಯಲ್ಲಿ ಚರಟ ಎಷ್ಟು ತುಂಬಿದೆ ಎಂದು ಮೆಷಿನ್ ನೋಡುವುದಿಲ್ಲ. ಎಷ್ಟು ಕಪ್ ಆಯಿತು ಅಂತ ಎಣಿಸುತ್ತದೆ, ಅಷ್ಟೇ. ಸೀನ ಒಂದು ರಾತ್ರಿ ಮೆಷಿನ್ ಆಫ್ ಮಾಡಿ, ಡಬ್ಬಿ ಖಾಲಿ ಮಾಡಿ, ತೊಳೆದು, ಒರೆಸಿ ಇಟ್ಟ. ಬೆಳಿಗ್ಗೆ ಎರಡು ಕಪ್ ಆಗುವುದರೊಳಗೆ 'ಖಾಲಿ ಮಾಡಿ' ಅಂತು.

"ನಂಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಡಬ್ಬಿ ತೆಗೆದು ತೋರಿಸಿದೆ. ನೋಡು, ಎರಡೇ ಬಿಲ್ಲೆ ಇದೆ ಅಂತ."

"ಯಾರಿಗೆ ತೋರಿಸಿದೆ?"

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೆಷಿನ್‌ಗೆ" ಎಂದ.

ಯಾರೂ ನಗಲಿಲ್ಲ. ನಗು ತಡೆದುಕೊಳ್ಳುವುದರಲ್ಲೇ ಎಲ್ಲರೂ ಬಿಜಿ.

"ಆನ್ ಇರೋವಾಗ ಡಬ್ಬಿ ತೆಗೆದ್ರೆ ಮಾತ್ರ ಅದಕ್ಕೆ ಗೊತ್ತಾಗೋದು" ಎಂದ ಮೂರ್ತಿ ಗಂಭೀರವಾಗಿ. "ಆಗಲೇ ಲೆಕ್ಕ ಮತ್ತೆ ಸೊನ್ನೆಯಿಂದ."

"ಹೂಂ ಮತ್ತೆ. ಸಾಹೇಬರ ಕಣ್ಣೆದುರಿಗೆ ಮಾಡಿದ್ದೇ ಕೆಲಸ. ರಾತ್ರಿ ಕೂತು ಮಾಡಿದ್ದು ಲೆಕ್ಕಕ್ಕಿಲ್ಲ" ಎಂದರು ರಾಯರು. "ನಾನು ಆಫೀಸಲ್ಲಿ ಇದನ್ನ ಕಲಿಯೋಕೆ ಇಡೀ ಸರ್ವಿಸು ಬೇಕಾಯ್ತು. ನೀನು ಕಾಫಿ ಮಾಡಿಕೊಂಡೇ ಕಲಿತುಬಿಟ್ಟೆ."

ಇನ್ನೊಂದು ತಂಟೆಯೂ ಇದೆಯಂತೆ. ಎಣ್ಣೆ ಒಸರುವಷ್ಟು ಕಪ್ಪಗೆ ಹುರಿದ ಬೀಜ ಹಾಕಿದರೆ ಅವು ಒಂದಕ್ಕೊಂದು ಅಂಟಿಕೊಂಡು ಕೆಳಗೆ ಜಾರುವುದಿಲ್ಲ. ಮೇಲೆ ಡಬ್ಬದ ತುಂಬ ಬೀಜ ಕಾಣುತ್ತಿರುತ್ತದೆ, ಪರದೆ ಮಾತ್ರ 'ಬೀಜ ಇಲ್ಲ' ಅನ್ನುತ್ತದೆ. ಆಗ ಚಮಚದ ಹಿಡಿಯಿಂದ ಕೆದಕಿ ಕೊಡಬೇಕು. ಒಂದು ಸಲ ಹತ್ತು ದಿನ ಮನೆ ಬೀಗ ಹಾಕಿ ಹೋಗಿ ಬಂದಾಗ ಬಿಲ್ಲೆಗಳಿಗೆ ಬೂಷ್ಟು ಹಿಡಿದದ್ದನ್ನು ಸೀನ ಹೇಳಲು ಹೊರಟ. ಕಾಫಿ ಈಗ ತಾನೇ ಕುಡಿದಿದ್ದೇವೆ ಎಂದು ನಾನೇ ತಡೆದೆ.

ಅಷ್ಟರಲ್ಲಿ ಮೆಷಿನ್ ತಾನಾಗಿಯೇ ಬುಸ್ ಎಂದು ಬಿಸಿನೀರು ಬಿಟ್ಟುಕೊಂಡಿತು. ರಾಯರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಏನಿಲ್ಲ, ತೊಳ್ಕೊಳ್ತಿದೆ. ಆನ್ ಮಾಡಿದ್ರೆ ಒಂದು ಸಲ, ಆಫ್ ಆಗುವಾಗ ಒಂದು ಸಲ. ಹಾಲು ಹಾಕಿದ್ರೆ ಆ ಕೊಳವೆ ಬೇರೆ ತೊಳೀಬೇಕು."

"ಇದು ಮೆಷಿನ್ ಅಲ್ಲ ಕಣೋ, ಮಡಿವಂತ! ಎದ್ದ ಕೂಡಲೇ ಸ್ನಾನ, ಮಲಗೋ ಮುಂಚೆ ಸ್ನಾನ, ಹಾಲು ಸೋಕಿದ್ರೆ ಮತ್ತೆ ಸ್ನಾನ. ನಮಗೆ ಕೊಡೋದು ಒಂದು ಗುಟುಕು, ತಾನು ಮೀಯೋದು ಒಂದು ತಂಬಿಗೆ. ಟ್ಯಾಂಕ್ ಯಾಕೆ ಬರಿದಾಗುತ್ತೆ ಅಂತ ಈಗ ಗೊತ್ತಾಯ್ತು."

ಮೂರ್ತಿಗೆ ತಡೆಯಲಾಗಲಿಲ್ಲ. "ಇಲ್ಲಿಗೆ ಬರೋಕೆ ನೂರು ವರ್ಷ ಹಿಡೀತು ರಾಯರೇ. 1884ರಲ್ಲಿ ಇಟಲಿಯ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ ಹಬೆಯ ಯಂತ್ರಕ್ಕೆ ಪೇಟೆಂಟ್ ತಗೊಂಡ. ಅದು ಒಟ್ಟಿಗೆ ಜಾಸ್ತಿ ಕಾಫಿ ಮಾಡೋಕೆ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಕಪ್ಪಿಗೆ ಮಾಡಿದ. ಆಮೇಲೆ ಅಕಿಲೆ ಗಾಜಿಯಾ ಹಿಡಿ ಎಳೆದು ಒತ್ತಡ ಹಾಕೋದು ತಂದ. ಈ ಕಂದು ನೊರೆ ಶುರುವಾಗಿದ್ದೇ ಆಗ. 1961ರಲ್ಲಿ ಫಾಯೆಮಾ ಕಂಪನಿಯವರು ಅದಕ್ಕೆ ಪಂಪು ಕೂರಿಸಿದ್ರು. ಇ61 ಅಂತ ಹೆಸರು. ಆ ವರ್ಷ ಸೂರ್ಯಗ್ರಹಣ ಆಗಿತ್ತು, ಇ ಅಂದ್ರೆ ಎಕ್ಲಿಸ್ಸೆ, ಅವರ ಭಾಷೆಯಲ್ಲಿ ಗ್ರಹಣ."

ರಾಯರ ಮುಖ ಅರಳಿತು. "ಮೊದಲೇ ಹೇಳಿಟ್ಟಿದ್ದಾರಲ್ಲೋ, ಮನೆಗೆ ಹಿಡಿಯೋದು ಏನು ಅಂತ! ಆದ್ರೆ ಗ್ರಹಣಕ್ಕೆ ಬಿಡೋ ಹೊತ್ತು ಅಂತ ಇರುತ್ತೆ. ಇದಕ್ಕೆ?"

"ಇದಕ್ಕೆ ಡೀಸ್ಕೇಲಿಂಗ್ ಅಂತ ಇದೆ" ಎಂದರು ಹೊರಗೆ ಬಂದ ವಿಮಲಾ. "ಒಳಗೆ ಸುಣ್ಣದ ಪೊರೆ ಕಟ್ಟುತ್ತಂತೆ. ಹುಳಿನೀರು ಹಾಕು, ಬಂದಿದ್ದನ್ನ ಪಾತ್ರೇಲಿ ಹಿಡಿ, ಟ್ಯಾಂಕ್ ತೊಳಿ, ಒಳ್ಳೆ ನೀರು ಹಾಕು, ಮತ್ತೆ ಹಿಡಿ. ನಡುವೆ ಎದ್ದು ಹೋಗೋ ಹಾಗಿಲ್ಲ. ಭಾನುವಾರ ಮುಕ್ಕಾಲು ಗಂಟೆ ಇವರು ಪಾತ್ರೆ ಹಿಡ್ಕೊಂಡು ಅದರ ಮುಂದೆ ನಿಂತಿರ್ತಾರೆ. ನನ್ನ ಮುಂದೆ ಒಂದು ದಿನ ಹಾಗೆ ನಿಂತವರಲ್ಲ."

"ಸ್ವಯಂಚಾಲಿತ ಅಂದ್ರೆ ಏನು ಅಂತ ಇವತ್ತು ಅರ್ಥ ಆಯ್ತಮ್ಮ" ಎಂದರು ರಾಯರು. "ಯಾರೂ ಹೇಳದೆ, ಕೇಳದೆ, ತಾನಾಗೇ ಎದ್ದು ಕೆಲಸ ಮಾಡೋದು. ಸೀನ ಈಗ ಪೂರ್ತಿ ಸ್ವಯಂಚಾಲಿತ."

ಸೀನನೂ ನಕ್ಕ. ರಾಯರು ಗೆದ್ದ ಹುರುಪಿನಲ್ಲಿ ಎದ್ದರು. "ಇನ್ನೊಂದು ಕಪ್ ನಾನೇ ಮಾಡ್ಕೋತೀನಿ. ಆದ್ರೆ ಈಗಲೇ ಹೇಳಿದ್ದೀನಿ, ನೀರು ಗೀರು ನಾನು ತುಂಬಲ್ಲ. ಅದರ ಚಾಕರಿ ನನ್ನಿಂದಾಗಲ್ಲ."

ಪರದೆ ಮುಟ್ಟಿದರು. ಮೂರು ಹೆಸರು ಬಂದವು: ಸೀನ, ವಿಮಲಾ, ಪುಟ್ಟಿ. ರಾಯರ ಬೆರಳು ಮೂರನೆಯದರ ಕಡೆ ಹೋಯಿತು.

"ಅದು ಬೇಡ!" ಗಂಡ ಹೆಂಡತಿ ಒಟ್ಟಿಗೆ ಅಂದರು.

ರಾಯರು ಕೈ ಹಿಂದಕ್ಕೆ ತೆಗೆದುಕೊಂಡರು.

"ಕೆಲಸಕ್ಕೆ ಅಂತ ಹೋಗೋ ಹಿಂದಿನ ದಿನ ಅವಳೇ ಕೂತು ಹೊಂದಿಸಿಟ್ಟಿದ್ದು" ಎಂದ ಸೀನ. "ಕಾಫಿ ಸ್ವಲ್ಪ, ಹಾಲು ಜಾಸ್ತಿ, ಬಿಸಿ ಕಮ್ಮಿ. ಯಾರಾದ್ರೂ ಅಪ್ಪಿತಪ್ಪಿ ಬದಲಾಯಿಸಿದ್ರೆ ಅದು ಹೊಸದನ್ನೇ ನೆನಪಿಟ್ಟುಕೊಂಡುಬಿಡುತ್ತೆ."

"ಇವರಿಗೆ ಅಷ್ಟೊಂದು ಹಾಲು ಸೇರಲ್ಲ" ಎಂದರು ವಿಮಲಾ, ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತಾ. "ಆದ್ರೂ ಒಂದೊಂದು ದಿನ ಅದನ್ನೇ ಒತ್ತಿ ಕುಡೀತಾರೆ."

ಮೂರ್ತಿಯ ಹತ್ತಿರ ಇದಕ್ಕೆ ಇಸವಿ ಇರಲಿಲ್ಲ. ಮೆಷಿನ್ ಒಂದೇ ಕುಂಯ್ ಅಂತು. ಪರದೆ ಮೇಲೆ ಮತ್ತೆ ಅದೇ ಸಾಲು: ನೀರು ತುಂಬಿ. ಸೀನ ಅಭ್ಯಾಸಬಲದಿಂದ ಕುರ್ಚಿಯಿಂದ ಅರ್ಧ ಎದ್ದ.

"ಕೂತ್ಕೋ" ಎಂದರು ರಾಯರು. ಟ್ಯಾಂಕ್ ಎಳೆದರು. ಅದು ಒಂದೇ ಸಲಕ್ಕೆ ಬರಲಿಲ್ಲ, ಸ್ವಲ್ಪ ಅಲ್ಲಾಡಿಸಿ ಕಿತ್ತರು. ಎದೆಗೆ ಅವಚಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

"ಎಲ್ಲಿವರೆಗೆ ತುಂಬಬೇಕೋ ಇದು?" ಎಂದು ಕೂಗಿದರು.